ಅಮ್ಮನ ಬೆರಳು, ನನ್ನ ಉಸಿರು

ಮನೆತನದಲ್ಲಿ ಮೊದಲು ಪದವಿ ಪಡೆದವನಿಗೆ ‘ಗೊತ್ತಿಲ್ಲ’ ಎನ್ನುವ ಹಕ್ಕು ಇರುವುದಿಲ್ಲ. ಮಿಕ್ಸಿ ಕೆಟ್ಟರೂ, ಹಸು ಮೇವು ಬಿಟ್ಟರೂ ನಮ್ಮವರು ನನ್ನ ಮುಖವನ್ನೇ ನೋಡುತ್ತಾರೆ. ನಾನು ಓದಿದ್ದು ಜೀವಶಾಸ್ತ್ರ. ಅದನ್ನೇ ಶಿವಮೊಗ್ಗದ ಒಂದು ಟ್ಯುಟೋರಿಯಲ್ಲಿನಲ್ಲಿ ಕಲಿಸುತ್ತೇನೆ. ರಕ್ತವೆಂದರೆ ಭದ್ರಾವತಿ ಬಸ್ಸಿದ್ದಂತೆ. ಶ್ವಾಸಕೋಶದಲ್ಲಿ ಆಮ್ಲಜನಕವನ್ನು ಹತ್ತಿಸಿಕೊಂಡು ಜೀವಕೋಶಗಳಲ್ಲಿ ಇಳಿಸುತ್ತದೆ, ಮರಳುವಾಗ ಇಂಗಾಲದ ಡೈಆಕ್ಸೈಡನ್ನು ತರುತ್ತದೆ. ಆ ಎರಡನೆಯದು ಬರೀ ಕಸ, ಬೇಗ ಇಳಿದಷ್ಟೂ ಒಳ್ಳೆಯದು ಎಂದು ವಿವರಿಸುವುದು ನನ್ನ ಕ್ರಮವಾಗಿತ್ತು.

ಭದ್ರಾವತಿಯ ನ್ಯೂ ಟೌನಿನ ನಮ್ಮ ಮನೆಯಲ್ಲಿ ತಂಗಿಯ ಮದುವೆಯ ಸಡಗರ. ಹೆಂಗಸರೆಲ್ಲ ಗೋರಂಟಿ ಅರೆದು ಬೆರಳ ತುದಿಗಳಿಗೆ ಟೊಪ್ಪಿಯಂತೆ ಮೆತ್ತಿಕೊಂಡು, ತೊಳೆದುಕೊಂಡೂ ಆಗಿತ್ತು. ಮರುದಿನ ಬೆಳಿಗ್ಗೆ ಅಮ್ಮ ಎರಡು ಬಾರಿ ಕೆಮ್ಮಿದಳು. ಕೊರೋನಾ ಕಾಲದಲ್ಲಿ ಕೊಂಡಿದ್ದ ಆಕ್ಸಿಮೀಟರನ್ನು ನಾನು ಹುಡುಕಿ ತಂದು ಅವಳ ಬೆರಳಿಗೆ ಸಿಕ್ಕಿಸಿದೆ. ಎಂಬತ್ತೆರಡು! ನನ್ನ ಬೆರಳಿಗೆ ಹಾಕಿದರೆ ತೊಂಬತ್ತೆಂಟು. ಯಂತ್ರ ಸರಿಯಿದೆ, ಅಂದರೆ ಅಮ್ಮ ಸರಿಯಿಲ್ಲ.

“ನಂಗೇನಾಗಿದೆ ಮಾರಾಯ? ಒಗ್ಗರಣೆ ಸೀದೋಗುತ್ತೆ, ಬಿಡು!”

“ಮಾತಾಡ್ಬೇಡಮ್ಮ, ಆಮ್ಲಜನಕ ಖರ್ಚಾಗುತ್ತೆ.”

ಬಾಡಿಗೆ ಕಾರು ಹಿಡಿದು ಶಿವಮೊಗ್ಗಕ್ಕೆ ಹೊರಟೆವು. ಅಡುಗೆಯವನ ಸೋಮಾರಿತನ, ಬೀಗರ ಬಿಂಕ, ನನ್ನ ಹುಚ್ಚು ಇವುಗಳನ್ನು ಕುರಿತು ಅಮ್ಮ ದಾರಿಯುದ್ದಕ್ಕೂ ಉಸಿರು ತೆಗೆದುಕೊಳ್ಳದೆ ಮಾತನಾಡಿದಳು. ಅವಳು ತೆಗೆದುಕೊಳ್ಳದ ಉಸಿರನ್ನೂ ಸೇರಿಸಿ ನಾನೇ ತೆಗೆದುಕೊಂಡೆನೆಂದು ತೋರುತ್ತದೆ. ಆಸ್ಪತ್ರೆ ತಲುಪುವಷ್ಟರಲ್ಲಿ ನನ್ನ ತುಟಿ ಜುಮ್ಮೆನ್ನುತ್ತಿತ್ತು, ಬೆರಳುಗಳು ಸೆಟೆದುಕೊಂಡಿದ್ದವು.

ವೈದ್ಯರು ಅಮ್ಮನ ಕೈ ನೋಡಿ ನಕ್ಕರು. “ಈ ಪಾಟಿ ಗೋರಂಟಿ ಇದ್ರೆ ಯಂತ್ರದ ಬೆಳಕು ಸರಿಯಾಗಿ ತೂರಲ್ಲ ಕಣ್ರೀ.” ಕಿವಿಯ ಹಾಲೆಗೆ ಬೇರೊಂದು ಕ್ಲಿಪ್ ಹಾಕಿದರು. ತೊಂಬತ್ತೆಂಟು. ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿ, “ಬರೀ ನೆಗಡಿ” ಎಂದರು. ನನ್ನ ಕಣ್ಣು ತುಂಬಿತು. ಜೊತೆಗೆ ತಲೆಯೂ ತಿರುಗಿತು.

“ಮೊದ್ಲು ಇವರನ್ನ ಮಲಗ್ಸಿ,” ಎಂದು ನರ್ಸಿಗೆ ಹೇಳಿ ವೈದ್ಯರು ನನ್ನತ್ತ ತಿರುಗಿದರು. “ಗಾಬರೀಲಿ ಜೋರಾಗಿ ಉಸಿರಾಡಿ ಇಂಗಾಲದ ಡೈಆಕ್ಸೈಡ್ನೆಲ್ಲ ಹೊರಗೆ ಹಾಕಿದೀರಿ. ರಕ್ತದಲ್ಲಿ ಅದೂ ಒಂದಿಷ್ಟು ಇರ್ಬೇಕು ಸ್ವಾಮಿ.” ವರ್ಷಗಟ್ಟಲೆ ನಾನು ಕಸವೆಂದು ಇಳಿಸುತ್ತಿದ್ದ ಪ್ರಯಾಣಿಕನೂ ಬಸ್ಸಿಗೆ ಬೇಕಾದವನೇ ಆಗಿದ್ದ.

ಅಮ್ಮ ಕೆಂಪು ಬೆರಳುಗಳಿಂದ ನನ್ನ ಎದೆ ಸವರಿದಳು. “ನಿಧಾನ ಉಸಿರಾಡು ಮಗಾ. ನಂಗೇನೂ ಆಗಿಲ್ಲ.”

ಹಿಂತಿರುಗಿದ್ದು ಬಸ್ಸಿನಲ್ಲಿ. ಅಮ್ಮನ ಕೆಮ್ಮು ಕೇಳಿ ಕಂಡಕ್ಟರ್, “ಆಸ್ಪತ್ರೆಗೆ ಹೋಗಿದ್ರಾ ಅಮ್ಮಾ?” ಎಂದು ವಿಚಾರಿಸಿದ.

“ಹೂಂ ಕಣಪ್ಪ, ಮಗನ್ನ ತೋರ್ಸೋಕೆ,” ಎಂದಳು ಅಮ್ಮ. “ಪಾಪ, ತುಂಬಾ ಓದಿದಾನೆ.”