ಇಪ್ಪತ್ತು ಸೆಕೆಂಡಿನ ಬೇಸ್‌ಬಾಲ್

ಬೇಸ್‌ಬಾಲ್ ಆಟವನ್ನು ಸುಧಾರಿಸಲು ನನಗೆ ಒಂದು ಭಾನುವಾರ ಸಾಕು ಎಂದುಕೊಂಡಿದ್ದೆ. ನಿಯಮಗಳನ್ನು ಅರ್ಧ ಮಾತ್ರ ಓದಿದವನಿಗೆ ಇರುವ ಧೈರ್ಯವೇ ಬೇರೆ!

ಬೊಮ್ಮಸಂದ್ರದ ನಮ್ಮ ಕಾರ್ಖಾನೆಯಲ್ಲಿದ್ದ ಜಪಾನಿ ಎಂಜಿನಿಯರ್ ಊರಿಗೆ ಮರಳುವಾಗ ಒಂದು ಪೆಟ್ಟಿಗೆ ತುಂಬ ಬ್ಯಾಟು, ಗ್ಲೌಸು ಬಿಟ್ಟುಹೋಗಿದ್ದರು. ಅಂದಿನಿಂದ ಪ್ರತಿ ಭಾನುವಾರ ಏಳು ಗಂಟೆಗೆ ಮುನಿರಾಜಣ್ಣನವರ ಖಾಲಿ ಸೈಟಿನಲ್ಲಿ ನಮ್ಮ ಬೇಸ್‌ಬಾಲ್. ಹತ್ತಕ್ಕೆ ಅಲ್ಲಿ ಅವರ ನೀರಿನ ಟ್ಯಾಂಕರುಗಳು ಬಂದು ನಿಲ್ಲಬೇಕು. ನಮ್ಮ ಆಟವೋ ಹತ್ತೂವರೆಗೂ ಮುಗಿಯದು. "ಇನ್ನೊಂದ್ ವಾರ ಇಂಗೇ ಲೇಟಾದ್ರೆ ಗೇಟ್‌ಗೆ ಬೀಗ," ಎಂದು ಅವರು ಹೇಳಿಬಿಟ್ಟರು. ನಮ್ಮ ಏರಿಯಾದಲ್ಲಿ ಇನ್ನೊಂದು ಖಾಲಿ ಜಾಗ ಸಿಗಬೇಕಾದರೆ ಯಾವುದಾದರೂ ಕಾರ್ಖಾನೆಯನ್ನೇ ಕೆಡವಬೇಕು.

ಕ್ಯಾಂಟೀನಿನಲ್ಲಿ ಚರ್ಚೆ ನಡೆಯಿತು. ಇನಿಂಗ್ಸ್ ಕಡಿಮೆ ಮಾಡೋಣ ಎಂದರು ಕೆಲವರು. ನಾಲ್ಕು ಕೆಟ್ಟ ಎಸೆತದ ಬದಲು ಮೂರಕ್ಕೇ ಬ್ಯಾಟರನ್ನು ಮೊದಲ ಬೇಸಿಗೆ ಕಳಿಸೋಣ ಎಂದರು ಇನ್ನು ಕೆಲವರು. ನಾನು ಎದ್ದು ನಿಂತು, ಅಮೆರಿಕದಲ್ಲೇ ಈಗ ಚೆಂಡು ಎಸೆಯುವವನ ಎದುರು ಗಡಿಯಾರ ಇಟ್ಟಿದ್ದಾರೆ, ನಾವೂ ಪ್ರಯೋಗಾರ್ಥವಾಗಿ ಪ್ರತಿ ಎಸೆತಕ್ಕೆ ಇಪ್ಪತ್ತು ಸೆಕೆಂಡಿನ ಮಿತಿ ವಿಧಿಸತಕ್ಕದ್ದು ಎಂದು ಘೋಷಿಸಿದೆ.

ಚೆಂಡು ಎಸೆಯುವ ಸಿದ್ದೇಶ ಲೇತ್ ಆಪರೇಟರ್. ಅವನು ಮಾತ್ರ ಒಪ್ಪಲಿಲ್ಲ. "ಸಾರ್, ವಾರವೆಲ್ಲ ಗಡಿಯಾರ ನೋಡ್ಕೊಂಡೇ ದುಡೀತೀವಿ. ಗಡಿಯಾರ ಇಲ್ದಿರೋ ಆಟ ಅಂತಾನೇ ಇಲ್ಲಿಗೆ ಬರೋದು."

ನಾನು ಕೊಟ್ಟ ಉತ್ತರ ಬಹಳ ಮೊನಚಾಗಿತ್ತು ಎಂದು ನೆನಪು. ನಾನು ಸುಮ್ಮನೆ ತಲೆ ಕೆರೆದುಕೊಂಡೆನೆಂದು ನನ್ನ ಹೆಂಡತಿ ಶೈಲಾ ಹೇಳುತ್ತಾಳೆ. ಅವಳು ಅದೇ ಕಾರ್ಖಾನೆಯ ಸ್ಟೋರ್ಸಿನಲ್ಲಿದ್ದಾಳೆ, ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವ ನಮ್ಮ ತಂಡದ ಕ್ಯಾಚರ್ ಕೂಡ. ಎರಡರಲ್ಲಿ ಯಾವುದು ನಿಜವೋ, ನಿಯಮವಂತೂ ಜಾರಿಯಾಯಿತು.

ಭಾನುವಾರ ನಾನು ಸ್ಟಾಪ್‌ವಾಚು, ಕ್ಲಿಪ್‌ಬೋರ್ಡು ಹಿಡಿದು ಗೆರೆಯ ಪಕ್ಕ ನಿಂತೆ. ಕಾರ್ಖಾನೆಯಲ್ಲೂ ನನ್ನ ಕೆಲಸ ಅದೇ: ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆದು ಆಪರೇಟರುಗಳಿಗೆ ಟಾರ್ಗೆಟ್ ಬರೆಯುವುದು.

ಸಿದ್ದೇಶ ಚೆಂಡು ಒರೆಸಿದ. ಅದರ ಹೊಲಿಗೆ ಪರೀಕ್ಷಿಸಿದ. ಭುಜ ತಿರುಗಿಸಿದ. ಹತ್ತೊಂಬತ್ತನೇ ಸೆಕೆಂಡಿಗೆ ಸರಿಯಾಗಿ ಎಸೆದ. ಮುಂದಿನದೂ ಹತ್ತೊಂಬತ್ತು. ಹಿಂದಿನ ವಾರ ಎಂಟೇ ಸೆಕೆಂಡಿಗೆ ಎಸೆಯುತ್ತಿದ್ದವನು! ಬ್ಯಾಟರುಗಳು ಪ್ರತಿ ಎಸೆತಕ್ಕೂ ಶೂ ಲೇಸು ಬಿಚ್ಚಿ ಕಟ್ಟಿದರು. ಔಟಾದವರು ಮದುವಣಿಗನ ಹಾಗೆ ಹೆಜ್ಜೆಯಿಟ್ಟರು. ನಾನು ಗಂಭೀರವಾಗಿ ಎಲ್ಲವನ್ನೂ ಬರೆದುಕೊಂಡೆ.

ಹತ್ತಾದಾಗ ಆಟ ಅರ್ಧವೂ ಮುಗಿದಿರಲಿಲ್ಲ. ಗೇಟಿನಲ್ಲಿ ಮೂರು ಟ್ಯಾಂಕರು. ಅವುಗಳ ಮುಂದೆ ಮುನಿರಾಜಣ್ಣ, ಕೈಯಲ್ಲಿ ಬೀಗ.

ಶೈಲಾ ಮುಖದ ಜಾಲರಿ ಮೇಲೆತ್ತಿ ನನ್ನ ಬಳಿ ಬಂದಳು. "ರೀ, ನೀವು ವಾಚ್ ಹಿಡ್ಕೊಂಡು ನಿಂತ್ರೆ ಯಾರಾದ್ರೂ ಬೇಗ ಕೆಲಸ ಮಾಡ್ತಾರಾ? ಬೇಗ ಮಾಡಿದ್ರೆ ನಾಳೆ ಅದೇ ಟಾರ್ಗೆಟ್ ಆಗತ್ತೆ ಅಂತ ಇಡೀ ಕಾರ್ಖಾನೆಗೆ ಗೊತ್ತು, ನಿಮಗೊಬ್ಬರಿಗೆ ಬಿಟ್ಟು."

ಹಾಗಾದರೆ ಹದಿನಾಲ್ಕು ವರ್ಷ ನಾನು ಅಳೆದು ಬರೆದದ್ದೆಲ್ಲ ಏನು? ಆ ಯೋಚನೆಯನ್ನು ಸೋಮವಾರಕ್ಕೆ ಮುಂದೂಡಿದೆ.

ಮುನಿರಾಜಣ್ಣ ಎಲ್ಲವನ್ನೂ ಕೇಳಿಸಿಕೊಂಡು ಸ್ವಲ್ಪ ನಕ್ಕರು. "ಈ ಸಾರ್‌ನ ಟ್ಯಾಂಕರ್ ಒಳಗೆ ಕೂರಿಸ್ತೀನಿ. ಅರ್ಧ ಗಂಟೇಲಿ ಮುಗಿಸ್ಕಳಿ, ಆಮ್ಯಾಕೆ ನೋಡಾವ."

ಡ್ರೈವರ್ ಪಕ್ಕದ ಸೀಟಿನಿಂದ, ಗಾಜಿನ ಮೂಲಕ, ನಾನು ನೋಡಿದ ಆಟ ನಮ್ಮ ತಂಡದ್ದೇ ಎಂದು ನಂಬಲಾಗಲಿಲ್ಲ. ಸಿದ್ದೇಶ ಎಸೆದದ್ದೇ ಎಸೆದದ್ದು. ಜನ ಓಡಿದರು, ಬಿದ್ದರು, ಧೂಳೆದ್ದಿತು. ಅರ್ಧ ಗಂಟೆ ತುಂಬುವ ಮೊದಲೇ ಆಟ ಮುಗಿಯಿತು.

ಬೀಗ ಮುನಿರಾಜಣ್ಣನವರ ಜೇಬು ಸೇರಿತು. ಮುಂದಿನ ವಾರದಿಂದ ಒಂದು ಟ್ಯಾಂಕರನ್ನು ಏಳಕ್ಕೇ ಕಳಿಸಿಕೊಡುವುದಾಗಿ ಅವರೇ ಹೇಳಿದರು, ನನಗೋಸ್ಕರ. ಸಿದ್ದೇಶ ಅಲ್ಲೇ ಅದನ್ನು ಹೊಸ ನಿಯಮವಾಗಿ ಮಂಡಿಸಿದ. ಸರ್ವಾನುಮತದಿಂದ ಪಾಸಾಯಿತು. ಕಿಟಕಿಯಿಂದ ಕೈ ಎತ್ತಿ ನಾನೂ ಮತ ಹಾಕಿದೆ.