ವ್ಯಾನಿನ ಎಡಗಣ್ಣಿಗೆ ಹಬೆ

ಶಾಲಾ ವ್ಯಾನಿನ ಎಡಗಡೆ ಹೆಡ್‌ಲೈಟಿನೊಳಗೆ ಹಬೆ ಕಟ್ಟಿತ್ತು. ಹೊರಗಿನಿಂದ ಎಷ್ಟು ಉಜ್ಜಿದರೂ ಹೋಗುವಂಥದ್ದಲ್ಲ. ಒಳಗಡೆ ಅಂಟಿಕೊಂಡು ಕೂತಿತ್ತು. ಬೇರೆ ದಿನವಾಗಿದ್ದರೆ, ಮಕ್ಕಳೆಲ್ಲ ವ್ಯಾನ್ ಮಾಮ ಎಂದು ಕರೆಯುವ ಆ ಮನುಷ್ಯ ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಆದರೆ ಗಾಡಿ ರಸ್ತೆಗಿಳಿಯಲು ಯೋಗ್ಯವೆಂದು ಸರ್ಕಾರ ಕೊಡುವ ಎಫ್‌ಸಿ ಪತ್ರ ಅವತ್ತು ಸಂಜೆ ಐದಕ್ಕೆ ಮುಗಿಯುತ್ತಿತ್ತು. ದೀಪ ಮಬ್ಬಾಗಿದ್ದರೆ ಹೊಸ ಪತ್ರ ಸಿಗುವುದಿಲ್ಲ. ಹೊಸದು ತರದಿದ್ದರೆ ನಾಳೆಯಿಂದ ಹದಿನಾಲ್ಕು ಮಕ್ಕಳನ್ನೂ ಬೇರೆ ವ್ಯಾನಿಗೆ ಹತ್ತಿಸುವುದಾಗಿ ಹೆಡ್‌ಮೇಡಂ ಹೇಳಿಬಿಟ್ಟಿದ್ದರು. ಯಾವ ಮಗುವಿಗೆ ಕಿಟಕಿ ಪಕ್ಕವೇ ಬೇಕು, ಯಾವುದಕ್ಕೆ ತಿರುವಿನಲ್ಲಿ ಹೊಟ್ಟೆ ತೊಳಸುತ್ತದೆ ಎಂದು ಹನ್ನೊಂದು ವರ್ಷದಿಂದ ಬಲ್ಲವನಿಗೆ ಅದು ಸಹಿಸುವ ಮಾತಾಗಿರಲಿಲ್ಲ.

ಅವತ್ತು ಶಾಲೆಗೆ ರಜೆ. ಬೆಳಿಗ್ಗೆಯೇ ಬಾನೆಟ್ ಎತ್ತಿದ. ಬಾನೆಟ್ ಎತ್ತಿದ ಗಾಡಿಯ ಸುತ್ತ ಜನ ಸೇರದೆ ಇದ್ದರೆ ಅದು ಬೀದಿಯೇ ಅಲ್ಲ. ಮೊದಲು ಬಂದವರು ಎದುರುಮನೆಯ ನಿವೃತ್ತ ವಿಜ್ಞಾನದ ಮೇಷ್ಟ್ರು.

"ನಾನು ಹೋದ ತಿಂಗಳೇ ಹೇಳಲಿಲ್ವೇನಯ್ಯಾ, ನೀರು ಒಳಗೆ ಹೋಗ್ತಿದೆ ಅಂತ? ಅದಕ್ಕೇ ತಾನೆ ಹಿಂದಿನ ತೂತುಗಳಿಗೆಲ್ಲ ನಾನೇ ಕೈಯಾರೆ ಗೋಂದು ತುಂಬಿದ್ದು?"

"ತುಂಬಿದ ಮೇಲೇ ಹಬೆ ಜಾಸ್ತಿ ಆಗಿದೆ, ಮೇಷ್ಟ್ರೇ."

"ಹಾಗಾದ್ರೆ ಗೋಂದು ಕಡಿಮೆ ಆಗಿದೆ," ಎಂದು ಮೇಷ್ಟ್ರು ಇನ್ನೊಂದು ಟ್ಯೂಬು ತರಲು ಹೋದರು. ತಂದು, ಉಳಿದಿದ್ದ ಸಂದುಗಳನ್ನೂ ಮುಚ್ಚಿದರು.

ಆಮೇಲೆ ಬಂದವರು ಮೂಲೆಮನೆಯ ಗಡಿಯಾರ ರಿಪೇರಿ ತಾತ. ಒಳಗಿನ ತೇವ ಹೀರಲು ಉಪ್ಪೇ ಮದ್ದು ಎಂದರು. ಉಪ್ಪಿನ ಪುಟ್ಟ ಗಂಟು ಕಟ್ಟಿ, ಬಲ್ಬಿನ ಬಾಯಿಂದ ದಾರದಲ್ಲಿ ಒಳಗಿಳಿಸಿದರು. ನಲವತ್ತು ವರ್ಷ ಗಡಿಯಾರದ ಕೂದಲೆಳೆ ಸ್ಪ್ರಿಂಗು ಹಿಡಿದ ಕೈ. ಗಂಟು ಮಾತ್ರ ಒಳಗೇ ಬಿಚ್ಚಿಕೊಂಡಿತು. ದೀಪದೊಳಗೆ ಈಗ ಹಬೆಯ ಜೊತೆಗೆ ಒಂದಿಷ್ಟು ಉಪ್ಪು.

"ಗಾಬರಿ ಆಗ್ಬೇಡಪ್ಪ. ತೊಳೆದ್ರೆ ಹೋಗುತ್ತೆ."

ತೊಳೆದರು. ಒಣಗಿಸಲು ನೀರು ಹೊಯ್ಯುವುದೇ ದಾರಿಯೆಂದು ಇಬ್ಬರು ಹಿರಿಯರೂ ಒಪ್ಪಿಕೊಂಡ ಮೇಲೆ ವ್ಯಾನ್ ಮಾಮನೇ ನೀರು ತಂದುಕೊಟ್ಟಿದ್ದ. ಉಪ್ಪು ಹೋಯಿತು. ದೀಪ ಮೀನಿಲ್ಲದ ಮೀನಿನ ತೊಟ್ಟಿಯಾಯಿತು. ಗಂಟೆ ಒಂದಾಗಿತ್ತು. ಅವನು ಮೆಟ್ಟಿಲ ಮೇಲೆ ಕೂತು, ಎರಡೂ ಕೈ ತಲೆಯ ಮೇಲೆ ಹೊತ್ತ.

ಊಟಕ್ಕೆ ಕರೆಯಲು ಬಂದ ಹೆಂಡತಿ ಬಗ್ಗಿ ದೀಪದ ಬೆನ್ನು ನೋಡಿದಳು.

"ರೀ, ಇದಕ್ಕೆ ಉಸಿರಾಡೋಕೆ ಅಂತ ತೂತು ಇಟ್ಟಿದ್ದಾರಲ್ಲ, ಅದನ್ನ ಯಾರು ಮುಚ್ಚಿದ್ದು? ಕುಕ್ಕರ್ ಸೀಟಿ ಬಾಯಿಗೆ ಬೆಣೆ ಹೊಡೆದ ಹಾಗಿದೆ."

ಮೇಷ್ಟ್ರು ಆಕಾಶ ನೋಡಿದರು. ಅವಳು ದೀಪವನ್ನೇ ಬಿಚ್ಚಿಸಿ, ನೀರು ಬಗ್ಗಿಸಿ, ಗೋಂದನ್ನೆಲ್ಲ ಕಿತ್ತು, ಹಿಂದಿನ ಮುಚ್ಚಳ ತೆರೆದು ಬಿಸಿಲಿಗಿಟ್ಟಳು. ಆಮೇಲೆ ಮತ್ತೆ ಕೂರಿಸಿ, ಇಂಜಿನ್ ಚಾಲೂ ಮಾಡಿಸಿ, ಲೈಟು ಹಾಕಿಸಿದಳು. ಮೂರೂವರೆಗೆ ಹಬೆ ಅಂಚಿನಿಂದ ಸರಿಯುತ್ತ ಸರಿಯುತ್ತ ಕೊನೆಗೆ ಇಲ್ಲವಾಯಿತು. ವ್ಯಾನ್ ಮಾಮನಿಗೆ ಅಳುವೇ ಬಂತು. ಹೆಂಡತಿಗೆ ಏನೋ ಹೇಳಬೇಕೆಂದುಕೊಂಡ, ಹೊತ್ತಿರಲಿಲ್ಲ.

ಎಫ್‌ಸಿ ಕೊಡುವ ಆರ್‌ಟಿಒ ಆಫೀಸಿನ ಅಂಗಳ ಸೇರುವಾಗ ನಾಲ್ಕು ಗಂಟೆ. ಇನ್‌ಸ್ಪೆಕ್ಟರು ಗಂಭೀರ ಮನುಷ್ಯ. ಬ್ರೇಕು ನೋಡಿದರು, ಟಯರು ನೋಡಿದರು, ಹಾರ್ನು ಕೇಳಿದರು. ಎಡಗಡೆ ದೀಪದ ಮುಂದೆ ನಿಂತವರು ಅಲ್ಲಿಂದ ಕದಲಲೇ ಇಲ್ಲ.

"ಈ ಗಾಡಿಗೆ ಇಷ್ಟು ವಯಸ್ಸಾದ್ರೂ ಒಳಗೆ ಒಂದು ಹನಿ ಹಬೆ ಇಲ್ಲವಲ್ರೀ. ಯಾರು ಮಾಡಿದ್ದು?"

"ನಾವೇ ಸಾರ್, ಮನೇಲಿ," ಎಂದ ವ್ಯಾನ್ ಮಾಮ. 'ನಾವು' ಎನ್ನುವಾಗ ಎದೆ ಒಂದಿಷ್ಟು ಉಬ್ಬಿತು.

"ನನ್ನ ಕಾರಿಗೆ ಎರಡೂ ಕಡೆ ಹಬೆ. ಮೂರು ಮೆಕ್ಯಾನಿಕ್ಕು ಕೈಚೆಲ್ಲಿದ್ರು. ಒಂಚೂರು ನೋಡ್ತೀರಾ? ನಿಮ್ಮ ಗಾಡಿದೆಲ್ಲ ಸರಿ ಇದೆ. ಸಹಿ ಒಂದೇ ಬಾಕಿ."

ಇಲ್ಲ ಎನ್ನುವ ಧೈರ್ಯ ಯಾರಿಗಿದೆ? ಇನ್‌ಸ್ಪೆಕ್ಟರ ಕಾರಿನ ದೀಪಗಳ ಹಿಂದೆಯೂ ಯಾರೋ ಪುಣ್ಯಾತ್ಮರು ಗೋಂದು ಮೆತ್ತಿದ್ದರು. ವ್ಯಾನ್ ಮಾಮ ತನ್ನ ಹೆಂಡತಿಯನ್ನು ನೆನೆಯುತ್ತ ಒಂದೊಂದೇ ತೂತು ಬಿಡಿಸಿದ, ಮುಚ್ಚಳ ತೆರೆದ, ಲೈಟು ಹಾಕಿ ಕಾದ. ಬಲಗಡೆಯದು ತಿಳಿಯಾಯಿತು. ಎಡಗಡೆಯದು ಹಟ ಮಾಡಿ, ಕೊನೆಗೆ ಅದೂ ತಿಳಿಯಾಯಿತು. ಇನ್‌ಸ್ಪೆಕ್ಟರು ಅವನ ಎರಡೂ ಕೈ ಹಿಡಿದುಕೊಂಡರು.

"ದೊಡ್ಡ ಉಪಕಾರ ಆಯ್ತು ಕಣ್ರೀ."

"ಸಾರ್, ಸಹಿ..."

ಇನ್‌ಸ್ಪೆಕ್ಟರು ಕೈಗಡಿಯಾರ ನೋಡಿದರು. ಅವರ ಮುಖದಲ್ಲಿ ನಿಜವಾದ ದುಃಖವಿತ್ತು.

"ಐದೂ ಹತ್ತು. ಐದಕ್ಕೆ ಕಂಪ್ಯೂಟರ್ ತಾನಾಗೇ ಮುಚ್ಚಿಕೊಳ್ಳುತ್ತೆ. ನಾಳೆ ಬನ್ನಿ, ಮೊದಲ ಸಹಿ ನಿಮಗೇ."

"ನಾಳೆ ಬೆಳಿಗ್ಗೆನೇ ವ್ಯಾನು ತಗೊಂಡು ಬಂದ್ಬಿಡ್ತೀನಿ ಸಾರ್."

"ಅಯ್ಯೋ, ವ್ಯಾನು ತರೋ ಹಾಗಿಲ್ಲ. ಎಫ್‌ಸಿ ಮುಗಿದ ಗಾಡಿ ರಸ್ತೆಗೆ ಇಳಿಸಿದ್ರೆ ನಾನೇ ಹಿಡೀಬೇಕಾಗುತ್ತೆ."

"ವ್ಯಾನಿಲ್ದೆ ತಪಾಸಣೆ ಹೇಗೆ ಸಾರ್?"

"ಅದೂ ಹೌದು. ಇವತ್ತಿನ ತಪಾಸಣೆ ಇವತ್ತಿಗೇ ಮುಗೀತು. ನಾಳೆ ಮತ್ತೆ ಗಾಡಿ ನೋಡದೆ ಸಹಿ ಹಾಕೋದು ತಪ್ಪು."

"ಹಾಗಾದ್ರೆ ಈ ರಾತ್ರಿ ಇಲ್ಲೇ ಇರಲಿ ಸಾರ್."

"ಅಂಗಳದಲ್ಲಿ ರಾತ್ರಿ ಗಾಡಿ ಬಿಡೋ ಹಾಗಿಲ್ವಲ್ಲ. ಆರಕ್ಕೆ ಗೇಟಿನಾಚೆ ತಳ್ಳಿಸ್ತಾರೆ. ಗೇಟಿನಾಚೆ ಅಂದ್ರೆ ರಸ್ತೆ."

ವ್ಯಾನ್ ಮಾಮ ವ್ಯಾನಿನತ್ತ ತಿರುಗಿದ. ಖಾಲಿ ಸೀಟುಗಳ ಕಡೆ ನೋಡಿದ. ಹದಿನಾಲ್ಕೂ ಒಟ್ಟಿಗೆ ಅವನನ್ನೇ ನೋಡುತ್ತಿದ್ದ ಹಾಗೆ ಅನ್ನಿಸಿತು. ಇನ್‌ಸ್ಪೆಕ್ಟರು ಅವನ ಹೆಗಲ ಮೇಲೆ ಕೈಯಿಟ್ಟರು. ಅವರು ತಮ್ಮ ಕಾರಿನ ಬಾಗಿಲು ತೆರೆದು ಹಿಡಿದರು.

"ಬನ್ನಿ, ಹತ್ತಿ. ನಿಮ್ಮನ್ನ ಮನೆಗೆ ಬಿಡ್ತೀನಿ. ಕತ್ತಲಾದ್ರೂ ಭಯ ಇಲ್ಲ, ದೀಪ ಈಗ ಚೆನ್ನಾಗಿದೆ."