ಮಾವನವರ ಡಬಲ್

ನಮ್ಮ ಮಾವನವರು ಸೊಸೆ ತಂದುಕೊಂಡದ್ದು ಮಗನಿಗಾಗಿ ಅಲ್ಲ, ಬ್ರಿಜ್ ಆಟಕ್ಕೆ ನಾಲ್ಕನೆಯವರು ಬೇಕಾಗಿತ್ತು ಅಂತ! ಹೀಗೆ ಹೇಳಿದರೆ ನನ್ನ ಯಜಮಾನರಿಗೆ ಇಂದಿಗೂ ಸಿಟ್ಟು ಬರುತ್ತದೆ. ಬರಲಿ. ಹೆಣ್ಣು ನೋಡಲು ಬಂದವರು ಹಾಡು ಬರುತ್ತದೆಯೇ, ಹೋಳಿಗೆ ಬರುತ್ತದೆಯೇ ಎಂದು ಕೇಳುವುದು ಪದ್ಧತಿ. ಇವರು ಕೇಳಿದ್ದು, "ಯವ್ವಾ, ಹದಿಮೂರರ ಮಗ್ಗಿ ಬರತೈತೇನು?" ನಾನು ತಲೆ ತಗ್ಗಿಸಿಕೊಂಡೇ ಒಪ್ಪಿಸಿದೆ. "ನನಗ ಒಪ್ಪಿಗಿ ಐತಿ" ಎಂದುಬಿಟ್ಟರು. ಹುಡುಗ ಇನ್ನೂ ಬಾಯಿ ಬಿಟ್ಟಿರಲಿಲ್ಲ.

ಇದು ಎಪ್ಪತ್ತರ ದಶಕದ ಕೊಟ್ಟೂರಿನ ಮಾತು. ಮಾವನವರು ಸ್ಟೇಷನ್ ಮಾಸ್ಟರಾಗಿ ನಿವೃತ್ತರಾದವರು. ಗುಂತಕಲ್ಲಿನಲ್ಲಿ ಕೆಲಸದಲ್ಲಿದ್ದಾಗ ಈ ಆಟದ ಹುಚ್ಚು ಹಿಡಿಸಿಕೊಂಡು ಬಂದಿದ್ದರು. ಜೊತೆಗೆ ದನದ ಡಾಕ್ಟರು, ಕಾಲೇಜಿನ ಲೆಕ್ಚರರು. ನಾಲ್ಕನೆಯವರಾಗಿದ್ದ ಬ್ಯಾಂಕಿನವರು ಹರಪನಹಳ್ಳಿಗೆ ವರ್ಗವಾದ ಮೇಲೆ ಮೂವರೂ ನಮ್ಮ ಪಡಸಾಲೆಯಲ್ಲಿ ಇಸ್ಪೀಟೆಲೆ ಕಲಸಿ ಕಲಸಿ, ಚಹಾ ಕುಡಿದು ಎದ್ದು ಹೋಗುತ್ತಿದ್ದರಂತೆ. ಅಷ್ಟರಲ್ಲಿ ನಾನು ಬಂದೆ. ಅತ್ತೆಯವರು ಒಂದೇ ಕರಾರು ಹಾಕಿದರು: "ಆಡ್ಲಿ. ಆದ್ರ ಒಲಿ ನೋಡ್ಕೊಂಡು ಆಡ್ಲಿ."

ಬ್ರಿಜ್ಜಿನಲ್ಲಿ ಇದಕ್ಕೂ ಅನುಕೂಲವಿದೆ. ಒಬ್ಬೊಬ್ಬರಿಗೆ ಹದಿಮೂರು ಎಲೆ, ಎದುರುಬದುರು ಕೂತ ಇಬ್ಬರು ಒಂದು ಪಕ್ಷ. ಇಷ್ಟು ಸುತ್ತು ಗೆಲ್ಲುತ್ತೇವೆ ಎಂದು ಕೂಗಿದವರು ಆಡುತ್ತಾರೆ. ಅವರ ಜೊತೆಗಾರ ತನ್ನ ಎಲೆಗಳನ್ನೆಲ್ಲ ಬಿಚ್ಚಿಟ್ಟು ಸುಮ್ಮನಾಗಬೇಕು. ಅವನೇ ಡಮ್ಮಿ. ಮಾವನವರು ಕೂಗಿದರೆ ನಾನು ಡಮ್ಮಿ. ಎದ್ದು ಹೋಗಿ ನಾಲ್ಕು ರೊಟ್ಟಿ ಬಡಿದು ಬರಬಹುದು. ಆಟ ಬಾರದ ಅತ್ತೆ ಅದೊಂದು ಪದ ಮಾತ್ರ ಚೆನ್ನಾಗಿ ಕಲಿತಿದ್ದರು. ಒಳಗಿನಿಂದ ಕೇಳುತ್ತಿದ್ದರು, "ಡಮ್ಮಿ ಆದೇನು ತಂಗಿ?"

ಆದರೆ ಆಗಬೇಕಲ್ಲ! ಮಾವನವರದು ಡಬಲ್ ಹುಚ್ಚು. ಎದುರಾಳಿ ಕೂಗಿದ್ದು ಅವರಿಂದ ಆಗದ ಮಾತು ಅನ್ನಿಸಿದರೆ "ಡಬಲ್" ಎನ್ನಬಹುದು. ಅವರು ಸೋತರೆ ನಮಗೆ ದೊಡ್ಡ ದಂಡ ತೆರಬೇಕು, ಗೆದ್ದರೆ ಅವರಿಗೆ ಇಮ್ಮಡಿ ಲಾಭ. ಇಂಥ ಕತ್ತಿಯನ್ನು ಬುದ್ಧಿವಂತರು ಅಪರೂಪಕ್ಕೆ ಒರೆಯಿಂದ ತೆಗೆಯುತ್ತಾರೆ. ಮಾವನವರು ಅದರಲ್ಲಿ ತರಕಾರಿ ಹೆಚ್ಚುತ್ತಿದ್ದರು. ಡಬಲ್ ಅಂದಮೇಲೆ ನಾವಿಬ್ಬರೂ ಕೊನೆಯ ಎಲೆಯತನಕ ಕೂತು ತಡೆಯಬೇಕು. ಒಳಗೆ ಹಾಲು ಉಕ್ಕುತ್ತಿತ್ತು, ಬೇಳೆ ತಳ ಹಿಡಿಯುತ್ತಿತ್ತು. "ಬೆಂಕಿ ಹಚ್ರಿ ನಿಮ್ಮ ಡಬಲ್‌ಗೆ" ಎಂದು ಅತ್ತೆ ಕೂಗಿದರೆ ಮಾವನವರು ಕಿವಿ ಕೇಳದವರಂತೆ ಎಲೆ ಜೋಡಿಸಿಕೊಳ್ಳುತ್ತಿದ್ದರು.

ಗೆದ್ದಿದ್ದರಾದರೂ ಸರಿ. ಡಬಲ್ ಎಂದರೆ ದೊಡ್ಡ ಎಲೆಗಳೆಲ್ಲ ನನ್ನ ಹತ್ತಿರ ಇವೆ ಎಂದು ಡಂಗುರ ಸಾರಿದ ಹಾಗೆ. ದನದ ಡಾಕ್ಟರು ಆ ಸುಳಿವು ಹಿಡಿದೇ ಗೆದ್ದು ಕೈ ಮುಗಿಯುತ್ತಿದ್ದರು. "ಮಾಸ್ಟರ್ರ, ರಾಣಿ ಯಾರ ಮನ್ಯಾಗ ಅದಾಳ ಅಂತ ತಿಳೀದ ಒದ್ದಾಡ್ತಿದ್ದೆ. ನೀವ ವಿಳಾಸ ಕೊಟ್ರಿ ನೋಡ್ರಿ."

ನನಗೆ ಮೈ ಉರಿಯುತ್ತಿತ್ತು. ಈ ಡಾಕ್ಟರನ್ನು ಒಂದು ಸಂಜೆ, ಒಂದೇ ಒಂದು ಸಂಜೆ ಸೋಲಿಸಬೇಕು ಎನ್ನುವುದು ಬಿಟ್ಟರೆ ಆಗ ನನಗೆ ಬೇರೆ ಆಸೆ ಇರಲಿಲ್ಲ. ಅಷ್ಟರಲ್ಲಿ ಅವರಿಗೂ ಹಡಗಲಿಗೆ ವರ್ಗವಾಯಿತು. ಹೊರಡುವ ಹಿಂದಿನ ಸಂಜೆ ಕೊನೆಯ ಆಟಕ್ಕೆ ಕೂತೆವು. ಸಮ ಸಮ ಬಂದು ಒಂದು ಕೈ ಉಳಿಯಿತು. ಮಾವನವರು ಹೃದಯದ ಗುರುತಿನ ಆಟೀನು ಕೂಗಿದರು. ನನ್ನ ಕೈಯಲ್ಲೂ ಒಳ್ಳೆಯ ಆಟೀನುಗಳಿದ್ದವು, ಹೂಂ ಎಂದೆ. ಡಾಕ್ಟರು ಮೂರು ಕಳಾವರು ಎಂದರು. ಅದರ ಮೇಲೆ ಮಾವನವರು ನಾಲ್ಕು ಆಟೀನು ಎಂದರೆ ಆಟ ನಮ್ಮದು.

"ಡಬಲ್" ಎಂದರು ಮಾವನವರು.

ಡಾಕ್ಟರು ಗೆದ್ದರು. ಎಂದಿನಂತೆ ಕೈ ಮುಗಿದು, ಕಣ್ಣೊರೆಸಿಕೊಂಡು ಹೋದರು.

ಎಲ್ಲರೂ ಹೋದ ಮೇಲೆ ಚಾಪೆ ಸುತ್ತುತ್ತ ಕೇಳಿದೆ. "ಮಾವಾರ, ನಿಮ್ಮ ಕೈಯಾಗ ಆರು ಆಟೀನು ಇದ್ದುವು. ಯಾಕ ಕೂಗಲಿಲ್ರಿ?"

ಅವರು ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು. "ಕೂಗಿದ್ರ ನೀ ಡಮ್ಮಿ ಆಗ್ತಿದ್ದಿ. ಎದ್ದು ಹೋಗ್ತಿದ್ದಿ. ಮುಂಜಾನಿಂದ ನಿಂತೇ ಅದೀಯಲ್ಲವ್ವಾ ನೀನು."

ಸೊಸೆ ಸ್ವಲ್ಪ ಹೊತ್ತು ಕೂರಲಿ ಎಂದು ಹೆಂಡತಿಗೆ ಹೇಳುವ ಧೈರ್ಯ ಆ ಕಾಲದ ಮಾವಂದಿರಿಗೆ ಎಲ್ಲಿತ್ತು? ಹೇಳಲಾರದೆ ಈ ಮನುಷ್ಯ ವರ್ಷಗಟ್ಟಲೆ, ಊರವರ ಮುಂದೆ ನಗೆಪಾಟಲಾಗಿ, ಬೇಕೆಂದೇ ಸೋಲುತ್ತ ಬಂದಿದ್ದರು. ನಾನು ಅವರ ಮೇಲೆ ಹಲ್ಲು ಕಡಿಯುತ್ತ, ಎದುರಿಗೆ ಹಾಯಾಗಿ ಕೂತಿದ್ದೆ.

ಅವರು ಹೋಗಿ ಬಹಳ ಕಾಲವಾಯಿತು. ಈಗ ನಾನು ಎಷ್ಟು ಹೊತ್ತು ಕೂತರೂ ಕೇಳುವವರಿಲ್ಲ. ಸಂಜೆಯಾದರೆ ಪಡಸಾಲೆಯಲ್ಲಿ ಕೂತಿರುತ್ತೇನೆ. ಕೂತ ಹಾಗೆ ಅನ್ನಿಸುವುದೇ ಇಲ್ಲ. ಎದುರಿಗೆ ಮಾವನವರು ಬೇಕು.